ಒಂದು ಮಿಲಿಮೀಟರಿನ ಮಾತು

ಅಮೆರಿಕಕ್ಕೆ ಹೋಗಿ ಬಂದವರನ್ನು ಎಲ್ಲರೂ ಕೇಳುವ ಪ್ರಶ್ನೆ, ಏನೇನು ನೋಡಿದಿರಿ ಎಂಬುದು. 2023ರ ಬೇಸಿಗೆಯಲ್ಲಿ ತಮ್ಮನ ಮನೆಯಲ್ಲಿ ಎರಡು ತಿಂಗಳಿದ್ದು ಹಿಂದಿರುಗಿದಾಗ ನನ್ನ ಹಳೆಯ ವಿದ್ಯಾರ್ಥಿಗಳೂ ಬಂಧುಗಳೂ ಇದನ್ನೇ ಕೇಳಿದರು. ನಯಾಗರ ನೋಡಲಿಲ್ಲ, ಗ್ರ್ಯಾಂಡ್ ಕ್ಯಾನಿಯನ್ನಿಗೂ ಹೋಗಲಿಲ್ಲ. ಎರಡು ಮಿಲಿಮೀಟರ್ ಅಗಲ, ಒಂದು ಮಿಲಿಮೀಟರ್ ಎತ್ತರದ ಒಂದು ಲೋಹದ ಪಟ್ಟಿಯನ್ನು ಬಹಳ ಹೊತ್ತು ನೋಡಿದೆ ಎಂದರೆ ಯಾರೂ ನಂಬಲಾರರು. ಆದ್ದರಿಂದ ಇದುವರೆಗೆ ಹೇಳಿರಲಿಲ್ಲ. ಈಗ ತಮ್ಮನ ಅನುಮತಿ ಪಡೆದು ಬರೆಯುತ್ತಿದ್ದೇನೆ.

ಸಂಗೀತವಾದ್ಯಗಳ ವಿಷಯವಾಗಿ ಬರೆಯುವ ಅಧಿಕಾರ ನನಗಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಮೂವತ್ತೈದು ವರ್ಷ ಭೌತಶಾಸ್ತ್ರ, ಗಣಿತಗಳನ್ನು ಕಲಿಸಿದವನು ನಾನು. ಬಾಲ್ಯದಲ್ಲಿ ಸೋದರತ್ತೆಯ ವೀಣೆಯ ಮೇಲೆ ಸರಳೆ ಮುಗಿಸಿ, ಜಂಟಿವರಸೆಯ ಮಧ್ಯದಲ್ಲಿ ಅವರಿಂದ ಬೈಸಿಕೊಂಡು ಬಿಟ್ಟವನು. ಆದರೆ ತಂತಿ, ಎಳೆತ, ಕಂಪನಸಂಖ್ಯೆ ಎಂದರೆ ಈ ವಯಸ್ಸಿನಲ್ಲೂ ಕಿವಿ ನೆಟ್ಟಗಾಗುತ್ತದೆ.

ನನ್ನ ತಮ್ಮ ಕ್ಯಾಲಿಫೋರ್ನಿಯಾಕ್ಕೆ ಹೋದದ್ದು 1979ರಲ್ಲಿ. ನಾಲ್ಕು ವರ್ಷಗಳ ಅನಂತರ, ಮೊದಲ ಬಾರಿಗೆ ಕೈಯಲ್ಲಿ ನಾಲ್ಕು ಕಾಸು ಉಳಿದಾಗ, ಅವನು ಕೊಂಡದ್ದು ಕಾರನ್ನಲ್ಲ, ಒಂದು ವಿದ್ಯುತ್ ಗಿಟಾರನ್ನು. ಫೆಂಡರ್ ಸ್ಟ್ರಾಟೋಕಾಸ್ಟರ್ ಎಂದು ಅದರ ಹೆಸರು. ಈ ಮಾದರಿ ಮೊದಲು ಬಂದದ್ದು 1954ರಲ್ಲಿ. ನನ್ನ ತಮ್ಮ ಹುಟ್ಟಿದ್ದೂ ಅದೇ ವರ್ಷ. ಇದನ್ನು ಅವನು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ, ತಾನೇ ಅದನ್ನು ನಿರ್ಮಿಸಿದ ಹಾಗೆ. ನಿರ್ಮಿಸಿದ ಲಿಯೋ ಫೆಂಡರ್ ಎಂಬಾತ ಫುಲರ್ಟನ್ ಎಂಬ ಊರಿನಲ್ಲಿ ರೇಡಿಯೋ ದುರಸ್ತಿಯ ಅಂಗಡಿ ಇಟ್ಟಿದ್ದವನು. ವಿಚಿತ್ರವೆಂದರೆ ಆತನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಬಂದುಹೋಗುವ ವಾದಕರ ಕೈಗೆ ಕೊಟ್ಟು, ಅವರು ಹೇಳಿದ ದೂರುಗಳನ್ನು ಕೇಳಿ ಕೇಳಿ ತಿದ್ದುತ್ತಿದ್ದನಂತೆ. ನುಡಿಸಲು ಬಾರದವನೇ ಅಷ್ಟು ತಾಳ್ಮೆಯಿಂದ ಕೇಳಬಲ್ಲನೇನೋ! ಆ ಊರಿನ ವಸ್ತುಸಂಗ್ರಹಾಲಯದಲ್ಲಿ ಆತನಿಗಾಗಿ ಒಂದು ವಿಭಾಗವನ್ನೇ ಇಟ್ಟಿದ್ದಾರೆ.

1965ರ ಜನವರಿಯಲ್ಲಿ ಲಿಯೋ ಫೆಂಡರ್ ತನ್ನ ಉದ್ಯಮವನ್ನು ಸಿ.ಬಿ.ಎಸ್. ಸಂಸ್ಥೆಗೆ 1.3 ಕೋಟಿ ಡಾಲರಿಗೆ ಮಾರಿದ. ಅನಂತರ ತಯಾರಾದ ಗಿಟಾರುಗಳು ಹಿಂದಿನಂತಿಲ್ಲವೆಂಬ ಅಸಮಾಧಾನ ವಾದಕರಲ್ಲಿ ಬೆಳೆಯುತ್ತ ಹೋಗಿ, ಎಪ್ಪತ್ತರ ದಶಕದ ಹೊತ್ತಿಗೆ ಎಲ್ಲರೂ ಹಳೆಯ ವಾದ್ಯಗಳನ್ನೇ ಹುಡುಕತೊಡಗಿದರು. ಇದನ್ನು ಕಂಡ ಕಂಪನಿ 1982ರಲ್ಲಿ ತನ್ನದೇ ಹಳೆಯ ಗಿಟಾರುಗಳ ಯಥಾಪ್ರತಿಗಳನ್ನು ಮಾಡಲಾರಂಭಿಸಿತು: 1952ರ ಟೆಲಿಕಾಸ್ಟರ್, 1957 ಮತ್ತು 1962ರ ಸ್ಟ್ರಾಟೋಕಾಸ್ಟರ್. ಇವಕ್ಕೆ ರೀಇಶ್ಯೂ ಎಂದು ಹೆಸರು. ನಮ್ಮಲ್ಲಿ ಪ್ರತಿ ಸಿಗದ ಹಳೆಯ ಪುಸ್ತಕವನ್ನು ಅದೇ ಅಚ್ಚು, ಅದೇ ಪುಟಸಂಖ್ಯೆಗಳೊಡನೆ ಮರುಮುದ್ರಿಸುವುದಿಲ್ಲವೇ, ಹಾಗೆ. 1985ರಲ್ಲಿ ನೌಕರರೇ ಕೂಡಿ ಕಂಪನಿಯನ್ನು ಕೊಂಡಾಗ ಫುಲರ್ಟನ್ನಿನ ಕಾರ್ಖಾನೆಯ ಕಟ್ಟಡಗಳು ಆ ವ್ಯವಹಾರದಲ್ಲಿ ಸೇರಿರಲಿಲ್ಲವಾಗಿ, ಕೆಲಸ ಕೊರೋನಾ ಎಂಬ ಬೇರೊಂದು ಊರಿಗೆ ಹೋಯಿತು. ಹೀಗಾಗಿ ಮೊದಲ ಮೂರು ವರ್ಷಗಳ ಯಥಾಪ್ರತಿಗಳು ಮಾತ್ರ ಮೂಲದ ಊರಿನಲ್ಲಿಯೇ ಹುಟ್ಟಿದವು. ತಮ್ಮನ ಗಿಟಾರ್ ಅವುಗಳಲ್ಲೊಂದು, 1962ರ ಮಾದರಿಯದು.

ಈಗ ಆ ಲೋಹದ ಪಟ್ಟಿಯ ವಿಷಯ. ಗಿಟಾರಿನ ಕುತ್ತಿಗೆಯ ಮೇಲೆ ಅಡ್ಡಲಾಗಿ ಕೂರಿಸಿದ ಪಟ್ಟಿಗಳಿಗೆ ಫ್ರೆಟ್ ಎನ್ನುತ್ತಾರೆ. ವೀಣೆಯ ಮೆಟ್ಟಿಲುಗಳೆಂದೇ ತಿಳಿಯಿರಿ. ಅವುಗಳ ನಡುವಿನ ಅಂತರ ಶುದ್ಧ ಗಣಿತ. ತಂತಿಯ ಉದ್ದ 648 ಮಿಲಿಮೀಟರ್ ಇದ್ದರೆ ಅದನ್ನು 17.817ರಿಂದ ಭಾಗಿಸಿ, ಬಂದಷ್ಟು ದೂರದಲ್ಲಿ ಮೊದಲ ಮೆಟ್ಟಿಲು. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ ಎರಡನೆಯದು. ಹೀಗೇ ಹೋದರೆ ಹನ್ನೆರಡನೆಯದು ಸರಿಯಾಗಿ ಅರ್ಧದಲ್ಲಿ, 324ರಲ್ಲಿ ಬರುತ್ತದೆ. ಗುಣೋತ್ತರ ಶ್ರೇಢಿಯಿಂದ ಜೀವನದಲ್ಲೇನು ಪ್ರಯೋಜನ ಎಂದು ಕೇಳುತ್ತಿದ್ದ ಹಿಂದಿನ ಬೆಂಚಿನವರು ಗಮನಿಸಬೇಕು. ಅಂತರಕ್ಕೆ ಹೀಗೆ ಗಣಿತವಿದೆ. ಆದರೆ ಪಟ್ಟಿಯ ಅಗಲ ಎತ್ತರಗಳಿಗೆ ಯಾವ ಸೂತ್ರವೂ ಇಲ್ಲ. ಅದನ್ನು ನಿರ್ಧರಿಸುವುದು ಬೆರಳು.

ಐವತ್ತು ಅರವತ್ತರ ದಶಕಗಳ ಫೆಂಡರ್ ಗಿಟಾರುಗಳಲ್ಲಿ ಈ ಪಟ್ಟಿ ಸಣ್ಣದು, ಹೊಸದಾಗಿದ್ದಾಗಲೇ ಸುಮಾರು ಎರಡು ಮಿಲಿಮೀಟರ್ ಅಗಲ, ಒಂದು ಮಿಲಿಮೀಟರಿಗೆ ಕೊಂಚವೇ ಮೇಲ್ಪಟ್ಟ ಎತ್ತರ. ಈಚಿನ ಗಿಟಾರುಗಳಲ್ಲಿ ಜಂಬೋ ಎಂಬ ದೊಡ್ಡ ಪಟ್ಟಿಗಳುಂಟು, 2.8 ಮಿಲಿಮೀಟರ್ ಅಗಲ, 1.4 ಎತ್ತರ. ಎತ್ತರದ ವ್ಯತ್ಯಾಸ ಮಿಲಿಮೀಟರಿನ ಮೂರನೆಯ ಒಂದು ಪಾಲು. ಇಷ್ಟಕ್ಕೆ ಇಷ್ಟು ಚರ್ಚೆಯೇ ಎಂದು ನಾನೂ ನಕ್ಕಿದ್ದೆ. ತಮ್ಮ ಏನೂ ಹೇಳದೆ ಎರಡು ಗಿಟಾರುಗಳನ್ನು ಒಂದಾದಮೇಲೊಂದು ನನ್ನ ತೊಡೆಯ ಮೇಲಿಟ್ಟ: ಮೊದಲು ತನ್ನದು, ಆಮೇಲೆ ಮಗನ ಹೊಸ ಗಿಟಾರು.

ಮಗನದರಲ್ಲಿ ತಂತಿಯನ್ನು ಒತ್ತಿದಾಗ ಬೆರಳಿಗೆ ಸಿಕ್ಕಿದ್ದು ತಂತಿ ಮಾತ್ರ. ಬೆರಳು ಗಾಳಿಯಲ್ಲಿ ತೂಗಿದಂತಿತ್ತು. ಮೆಲ್ಲನೆ ಮುಟ್ಟಿದರೂ ನಾದ ಬಂತು. ತಮ್ಮನದರಲ್ಲಿ ಒತ್ತಿದರೆ ಬೆರಳ ತುದಿ ಕೆಳಗಿನ ಮರಕ್ಕೆ ತಾಗಿತು. ನಾದ ಬರಬೇಕಾದರೆ ಬಲವಾಗಿಯೇ ಒತ್ತಬೇಕು. ತಂತಿಯನ್ನು ಪಕ್ಕಕ್ಕೆ ತಳ್ಳಿ ಸ್ವರವನ್ನೇರಿಸಲು ಹೋದರೆ ಬೆರಳಿನ ಚರ್ಮ ಮರದ ಮೇಲೆ ಉಜ್ಜಿಕೊಂಡು ಹೋಗುತ್ತದೆ, ತಂತಿ ಬೆರಳಿನಡಿಯಿಂದ ಜಾರಿಕೊಳ್ಳುತ್ತದೆ. ಹಾಗೆಂದು ಎತ್ತರದ ಪಟ್ಟಿಯಲ್ಲಿ ದೋಷವಿಲ್ಲವೆಂದಲ್ಲ. ಬಲವಾಗಿ ಒತ್ತುವ ಅಭ್ಯಾಸದವನು ಅಲ್ಲಿ ತಂತಿಯನ್ನು ಅಗತ್ಯಕ್ಕಿಂತ ಆಳಕ್ಕೆ ತಳ್ಳುತ್ತಾನೆ. ತಂತಿ ಹಿಗ್ಗಿ ಶ್ರುತಿ ಏರುತ್ತದೆ. ಪೈಥಾಗೊರಸನ ಪ್ರಮೇಯ ನೆನಪಿರುವವರು ಒಂದು ಲಂಬಕೋನ ತ್ರಿಭುಜ ಬರೆದು ನೋಡಿ: ಎತ್ತರ ಹೆಚ್ಚಿದಷ್ಟೂ ಕರ್ಣ ಉದ್ದವಾಗಲೇಬೇಕು.

ಸಣ್ಣ ಪಟ್ಟಿಯನ್ನು ಹಳೆಯವರು ಅರಿಯದೆ ಹಾಕಿದ್ದೇನೂ ಅಲ್ಲ. ಆ ಕಾಲದ ತಂತಿಗಳು ದಪ್ಪ. ಮೂರನೆಯ ತಂತಿಗೂ ಸುರುಳಿ ಸುತ್ತಿರುತ್ತಿತ್ತು. ಅಂಥ ತಂತಿಯನ್ನು ಪಕ್ಕಕ್ಕೆ ತಳ್ಳಿ ಒಂದೂವರೆ ಸ್ವರ ಏರಿಸುವ ಸಾಹಸಕ್ಕೆ ಯಾರೂ ಹೋಗುತ್ತಿರಲಿಲ್ಲ. ಮೂರ್ನಾಲ್ಕು ಸ್ವರಗಳನ್ನು ಒಟ್ಟಿಗೆ ಹಿಡಿದು ಲಯಕ್ಕೆ ಮೀಟುವುದೇ ಮುಖ್ಯವಾಗಿದ್ದಾಗ ತಗ್ಗು ಪಟ್ಟಿಯೇ ಹಿತ, ಕೈ ಎಡವದೆ ಮೇಲೆ ಕೆಳಗೆ ಓಡುತ್ತದೆ. ಗಿಬ್ಸನ್ ಕಂಪನಿಯ ಲೆಸ್ ಪಾಲ್ ಕಸ್ಟಮ್ ಎಂಬ ಕಪ್ಪು ಗಿಟಾರಿನಲ್ಲಿ ಪಟ್ಟಿಗಳು ಎಷ್ಟು ತಗ್ಗೆಂದರೆ, ಪಟ್ಟಿಯೇ ಇಲ್ಲದ ಅದ್ಭುತ ಎಂಬ ಅಡ್ಡಹೆಸರು ಬಂದು ಅದನ್ನು ಹೊಗಳಿಕೆಯಾಗಿಯೇ ಬಳಸುತ್ತಿದ್ದರು! ಅರವತ್ತರ ದಶಕದಲ್ಲಿ ತೆಳುತಂತಿಗಳು ಬಂದವು, ತಂತಿ ತಳ್ಳುವ ವಾದನ ಬೆಳೆಯಿತು, ಬೆರಳುಗಳು ಬೇರೆಯದನ್ನು ಕೇಳತೊಡಗಿದವು. ಸ್ಟೀವಿ ರೇ ವಾನ್ ಎಂಬ ಟೆಕ್ಸಾಸಿನ ಪ್ರಸಿದ್ಧ ವಾದಕ ತನ್ನ ಹಳೆಯ ಸ್ಟ್ರಾಟೋಕಾಸ್ಟರಿನ ಸಣ್ಣ ಪಟ್ಟಿಗಳನ್ನು ಕೀಳಿಸಿ ಜಂಬೋ ಹಾಕಿಸಿಕೊಂಡಿದ್ದ. ಎಂದರೆ, ಜನ ಯಾವ ಹಳೆಯ ಗಿಟಾರುಗಳಿಗೆ ಮನಸೋತು ಯಥಾಪ್ರತಿ ಬೇಕೆಂದರೋ ಅವುಗಳಲ್ಲೇ ಎಷ್ಟೋ ಗಿಟಾರುಗಳು ಆ ಹೊತ್ತಿಗೆ ಹಳೆಯ ಪಟ್ಟಿಗಳನ್ನು ಕಳಚಿಹಾಕಿದ್ದವು. ಯಥಾಪ್ರತಿ ಮಾತ್ರ 1962ರ ಪಟ್ಟಿಯನ್ನು ನಿಷ್ಠೆಯಿಂದ ಹೊತ್ತುಕೊಂಡು ಬಂತು. ಕಂಪನಿಗೂ ಇದು ಕ್ರಮೇಣ ಅರ್ಥವಾಗಿರಬೇಕು. 2018ರ ಮತ್ತು 2022ರ ಸರಣಿಗಳಲ್ಲಿ ಅಗಲವನ್ನು ಹಳೆಯದರಂತೆ ಕಿರಿದಾಗಿಯೇ ಉಳಿಸಿ ಎತ್ತರವನ್ನು ಮಾತ್ರ ಏರಿಸಿದ ಪಟ್ಟಿಗಳನ್ನು ಕೂರಿಸಿದರು.

ವೀಣೆಯನ್ನು ಬಲ್ಲವರಿಗೆ ಇದರಲ್ಲಿ ಹೊಸತೇನೂ ಕಾಣಿಸದು. ವೀಣೆಯ ಇಪ್ಪತ್ತನಾಲ್ಕು ಮೆಟ್ಟಿಲುಗಳು ಮೇಣದ ಮೇಲೆ ಎಷ್ಟು ಎತ್ತರಕ್ಕೆ ನಿಂತಿರುತ್ತವೆಂದರೆ ಬೆರಳಿಗೂ ಮರಕ್ಕೂ ಸಂಬಂಧವೇ ಇಲ್ಲ. ಒಂದೇ ಮೆಟ್ಟಿಲಿನ ಮೇಲೆ ತಂತಿಯನ್ನೆಳೆದು ಎರಡು ಮೂರು ಸ್ವರ ನುಡಿಸುವುದು, ಆ ಮೂಲಕ ಗಮಕ ತರುವುದು ಅದರಿಂದಲೇ ಸಾಧ್ಯ. ಜಾನ್ ಮೆಕ್‌ಲಾಫ್ಲಿನ್ ಎಂಬ ಆಂಗ್ಲ ಗಿಟಾರ್ ವಾದಕ ಎಪ್ಪತ್ತರ ದಶಕದಲ್ಲಿ ಎಸ್. ರಾಮನಾಥನ್ ಅವರಲ್ಲಿ ಕೆಲಕಾಲ ವೀಣೆ ಕಲಿತು, ಅನಂತರ ಶಕ್ತಿ ವಾದ್ಯಗೋಷ್ಠಿಗಾಗಿ ಮಾಡಿಸಿಕೊಂಡ ಗಿಟಾರಿನಲ್ಲಿ ಪಟ್ಟಿಗಳ ನಡುವಣ ಮರವನ್ನೇ ದೋಣಿಯಂತೆ ಕೆತ್ತಿಸಿದ್ದರು. ಪಟ್ಟಿಯನ್ನು ಏರಿಸುವ ಬದಲು ನೆಲವನ್ನೇ ಇಳಿಸಿದ ಹಾಗೆ.

ನಮ್ಮ ಮನೆಗೆ ಕೆಲವು ವರ್ಷಗಳಿಗೊಮ್ಮೆ ಮೈಸೂರಿನಿಂದ ವೀಣೆಗೆ ಮೇಳ ಕಟ್ಟುವವರೊಬ್ಬರು ಬರುತ್ತಿದ್ದರು. ಜೇನುಮೇಣಕ್ಕೆ ಇದ್ದಿಲಪುಡಿ ಬೆರೆಸಿ ಕಾಯಿಸುವಾಗ ಬರುವ ವಾಸನೆ ಮನೆಯೆಲ್ಲ ಹರಡುತ್ತಿತ್ತು. ಅವರು ಒಂದೊಂದೇ ಮೆಟ್ಟಿಲನ್ನು ಮೇಣದಲ್ಲಿ ಒತ್ತಿ, ತಂತಿ ಮೀಟಿ, ತಲೆಯಾಡಿಸಿ, ಕೂದಲೆಳೆಯಷ್ಟು ಸರಿಸಿ ಮತ್ತೆ ಮೀಟುತ್ತಿದ್ದರೆ ನನ್ನ ತಮ್ಮ ಊಟಕ್ಕೂ ಏಳದೆ ನೋಡುತ್ತಿದ್ದ. ಆಗಲೇ ನನಗೆ ತಿಳಿಯಬೇಕಿತ್ತು.

1970ರಲ್ಲಿ ಅವನಿಗೆ ಹದಿನಾರು, ಎಸ್.ಎಸ್.ಎಲ್.ಸಿ. ವರ್ಷ. ನನಗೆ ಇಪ್ಪತ್ತನಾಲ್ಕು, ಹಿಂದಿನ ವರ್ಷವಷ್ಟೇ ಕೆಲಸಕ್ಕೆ ಸೇರಿದ್ದೆ. ತಂದೆ ತೀರಿಕೊಂಡಿದ್ದರು. ಅವನು ಎಲ್ಲಿಂದಲೋ ಹಳೆಯದೊಂದು ಮರದ ಗಿಟಾರ್ ತಂದ, ಎರಡು ವರ್ಷ ಕೂಡಿಟ್ಟ ಹಣಕ್ಕೆ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತದಲ್ಲಿ ಅವನಿಗೆ ಮೂವತ್ತೆಂಟು ಬಂದಿತು. ಗಣಿತದ ಮೇಷ್ಟರ ತಮ್ಮನಿಗೆ! ಅವನು ಶಾಲೆಗೆ ಹೋಗಿದ್ದಾಗ ಆ ಗಿಟಾರನ್ನು ಶಿವಮೊಗ್ಗಕ್ಕೆ ಒಯ್ದು ಬ್ಯಾಂಡ್‌ಸೆಟ್ಟಿನವರಿಗೆ ನಲವತ್ತೈದು ರೂಪಾಯಿಗೆ ಕೊಟ್ಟು ಬಂದೆ. ಪರೀಕ್ಷಾ ಶುಲ್ಕಕ್ಕೆ ಹಣವಿರಲಿಲ್ಲ, ಅದಕ್ಕೇ ಮಾರಿದೆ ಎಂದು ಅಮ್ಮನಿಗೂ ಅವನಿಗೂ ಹೇಳಿದೆ. ಅವನು ಒಂದು ಮಾತೂ ಆಡಲಿಲ್ಲ. ಪ್ರಥಮ ದರ್ಜೆಯಲ್ಲಿ ಪಾಸಾದ. ನನ್ನ ಸೇವಾವಧಿಯಲ್ಲಿ ಎಷ್ಟೋ ತಂದೆತಾಯಿಯರಿಗೆ ಈ ಕಥೆಯನ್ನು, ಶಿಸ್ತಿನ ಫಲವೆಂಬಂತೆ, ನಾನು ಹೇಳಿದ್ದುಂಟು. ಇದನ್ನು ಓದುತ್ತಿರುವವರಲ್ಲಿ ಕೆಲವರ ತಂದೆಯವರೂ ಅದನ್ನು ಕೇಳಿರಬಹುದು.

ಮತ್ತೆ ಕ್ಯಾಲಿಫೋರ್ನಿಯಾಕ್ಕೆ ಬರೋಣ. ನಾನು ಹೋದ ಹೊತ್ತಿಗೆ ತಮ್ಮ ಆ ಗಿಟಾರನ್ನು ನುಡಿಸುವುದನ್ನು ಹೆಚ್ಚುಕಡಿಮೆ ಬಿಟ್ಟಿದ್ದ. ಅರವತ್ತೊಂಬತ್ತರ ವಯಸ್ಸು, ಎಡಗೈ ಬೆರಳುಗಳ ಗೆಣ್ಣುಗಳಲ್ಲಿ ಸಂಧಿವಾತ. ಬಲವಾಗಿ ಒತ್ತಿದರೆ ರಾತ್ರಿಯೆಲ್ಲ ನೋವು. ಜೊತೆಗೆ ನಲವತ್ತು ವರ್ಷದ ವಾದನದಿಂದ ಪಟ್ಟಿಗಳು ಸವೆದಿದ್ದವು. ಎಂಜಿನಿಯರನಾದ್ದರಿಂದ ಅವನ ಪೆಟ್ಟಿಗೆಯಲ್ಲಿ ಒಳ್ಳೆಯ ವರ್ನಿಯರ್ ಕ್ಯಾಲಿಪರ್ ಇತ್ತು. ಅದರ ಬಾಲದ ಕಡ್ಡಿಯನ್ನು ಇಳಿಸಿ ಅಳೆದೆ. ಸೊನ್ನೆದೋಷ ನೋಡಿಕೊಂಡೇ ಅಳೆದೆ. ಮೊದಲ ಮೂರು ಮನೆಗಳಲ್ಲಿ ತಂತಿ ಕೂರುವೆಡೆ ಉಳಿದಿದ್ದ ಎತ್ತರ 0.6 ಮಿಲಿಮೀಟರ್. ಹಳ್ಳ ಬಿದ್ದ ಪಟ್ಟಿಯನ್ನು ಅರದಿಂದ ಉಜ್ಜಿ ಸಮ ಮಾಡಬಹುದು; ಆದರೆ ಒಂದು ಮಿಲಿಮೀಟರಿನಲ್ಲಿ ಆರಂಭಿಸಿದ ಪಟ್ಟಿಗೆ ಆ ಭಾಗ್ಯ ಒಂದೆರಡು ಬಾರಿ ಮಾತ್ರ. ಅವೆರಡೂ ಮುಗಿದಿದ್ದವು. ಉಳಿದ ದಾರಿ, ಇಪ್ಪತ್ತೊಂದು ಪಟ್ಟಿಗಳನ್ನೂ ಕಿತ್ತು ಹೊಸದನ್ನು ಹಾಕಿಸುವುದು.

ಹಾಕಿಸುವುದಾದರೆ ಯಾವುದನ್ನು? ಇಲ್ಲಿ ಮನೆ ಎರಡಾಗಿತ್ತು. ಅವನ ಮಗ, "ದೊಡ್ಡಪ್ಪ, ಫುಲರ್ಟನ್ ರೀಇಶ್ಯೂ ಈಗ ಸಂಗ್ರಹಕಾರರ ವಸ್ತು. ಮುಟ್ಟದೆ ಹಾಗೇ ಇಟ್ಟುಬಿಡಲಿ, ಅಥವಾ ಅದೇ ಸಣ್ಣ ಪಟ್ಟಿ ಹಾಕಿಸಲಿ. ನುಡಿಸೋದಕ್ಕೆ ನನ್ನದಿದೆಯಲ್ಲ" ಎಂದ. ವ್ಯವಹಾರದ ದೃಷ್ಟಿಯಿಂದ ಅದು ಸರಿಯೇ. ಎತ್ತರದ ಪಟ್ಟಿ ಹಾಕಿದರೆ ಮೇಲ್ತುದಿಯಲ್ಲಿ ತಂತಿಗಳು ಕೂರುವ ಮೂಳೆಯ ಸೇತುವೆಯನ್ನೂ ಬದಲಿಸಬೇಕು. ಕುತ್ತಿಗೆಯ ಹಲಗೆ ಚಪ್ಪಟೆಯಲ್ಲ, ಏಳೂಕಾಲು ಇಂಚು ತ್ರಿಜ್ಯದ ಕಮಾನು; ತಂತಿಯನ್ನು ಬಹಳ ತಳ್ಳಿದರೆ ಅದು ಕಮಾನಿನ ನೆತ್ತಿಯಲ್ಲಿರುವ ಮುಂದಿನ ಪಟ್ಟಿಗೆ ತಾಗಿ ನಾದ ಸತ್ತುಹೋಗುತ್ತದೆ. ಆ ದೋಷ ಪೂರ್ಣ ಹೋಗಬೇಕಾದರೆ ಮರವನ್ನೇ ಕೊಂಚ ಸಮತಟ್ಟಾಗಿ ಉಜ್ಜಬೇಕು. ತಮ್ಮ ಅದಕ್ಕೆ ಸುತರಾಂ ಒಪ್ಪಲಿಲ್ಲ. ಆ ಹಲಗೆ ಬೀಟೆ. ಬ್ರೆಜಿಲಿನ ಬೀಟೆಮರ ದುರ್ಲಭವಾಗುತ್ತ ಬಂದಂತೆ ಅಲ್ಲಿನ ಗಿಟಾರ್ ತಯಾರಕರು ಅರವತ್ತರ ದಶಕದಿಂದ ಭಾರತದ ಬೀಟೆಗೆ ಕೈಚಾಚಿದ್ದರು. "ನಮ್ಮ ಕಡೆ ಮರ ಕಣೋ ಇದು. ನಲವತ್ತು ವರ್ಷದಿಂದ ಬೆರಳಿಗೆ ತಾಗ್ತಾ ಇದೆ. ಎತ್ತರದ್ದು ಹಾಕಿಸಿದರೆ ಇದು ಸಿಗಲ್ಲ" ಎಂದು ಮಗನಿಗೆ ಹೇಳಿದ. ಅವನಿಗೆ ಸಣ್ಣ ಪಟ್ಟಿಯ ಮೋಹ ಬೆಲೆಗಾಗಿ ಅಲ್ಲವೆಂದು ನನಗೆ ಆಗ ತಿಳಿಯಿತು.

ನನ್ನ ಅಭಿಪ್ರಾಯ ಕೇಳಿದರು. ಐವತ್ತಮೂರು ವರ್ಷಗಳ ಹಿಂದೆ ಕೇಳದೆ ತೀರ್ಮಾನಿಸಿದವನನ್ನು ಈಗ ಕೇಳಿ ತೀರ್ಮಾನಿಸಲು ಹೊರಟಿದ್ದರು. ನಾಳೆ ಹೇಳುತ್ತೇನೆಂದೆ.

ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ತಮ್ಮ ಅಡುಗೆಮನೆಯಲ್ಲಿ ಹಾಲು ಬಿಸಿಮಾಡುತ್ತ ಕೇಳಿದ, "ಅಣ್ಣ, ಆ ಗಿಟಾರ್ ಯಾರಿಗೆ ಕೊಟ್ಟೆ?"

ಬ್ಯಾಂಡ್‌ಸೆಟ್ಟಿನ ಅಂಗಡಿಯ ಹೆಸರು ಹೇಳಿದೆ. ಹೇಳಿದ ಮೇಲೆ ಅಷ್ಟಕ್ಕೇ ನಿಲ್ಲಿಸಲಾಗಲಿಲ್ಲ. ಪರೀಕ್ಷಾ ಶುಲ್ಕದ ಮಾತು ಸುಳ್ಳು. ತಂದೆಯಿಲ್ಲದ ಹುಡುಗನೆಂದು ಶಾಲೆಯವರು ಶುಲ್ಕ ಮಾಫಿ ಮಾಡಿದ್ದರು. ಮಾರಿದ್ದು ಬಡತನದಿಂದಲ್ಲ, ಸಿಟ್ಟಿನಿಂದ. ಸಹೋದ್ಯೋಗಿಗಳೆದುರು ಆದ ಅವಮಾನದಿಂದ. ಆ ನಲವತ್ತೈದು ರೂಪಾಯಿಯಲ್ಲಿ ನಾನೊಂದು ಜೊತೆ ಪ್ಯಾಂಟು ಹೊಲಿಸಿಕೊಂಡಿದ್ದೆ. ಇದನ್ನೆಲ್ಲ ಹೇಳಿದೆ.

ಅವನು ಒಲೆ ಆರಿಸಿದ. "ಗೊತ್ತಿತ್ತು. ಗುಮಾಸ್ತರ ಮಗ ನನ್ನ ಕ್ಲಾಸಲ್ಲೇ ಇದ್ದನಲ್ಲ. ಮಾಫಿ ಪಟ್ಟಿಯಲ್ಲಿ ನನ್ನ ಹೆಸರಿದೆ ಅಂತ ಅವತ್ತೇ ಹೇಳಿದ್ದ" ಎಂದ. ಸ್ವಲ್ಪ ಹೊತ್ತಿನ ಮೇಲೆ, "ಪ್ಯಾಂಟು ಗೊತ್ತಿರಲಿಲ್ಲ" ಎಂದು ನಕ್ಕ. ನನಗೆ ನಗಲಾಗಲಿಲ್ಲ. ಹಾಲನ್ನು ಎರಡು ಲೋಟಕ್ಕೆ ಬಗ್ಗಿಸಿ ಒಂದನ್ನು ನನ್ನ ಮುಂದಿಟ್ಟ.

ಮರುದಿನ ನನ್ನ ಅಭಿಪ್ರಾಯ ಹೇಳಿದೆ: ನೋವಿಲ್ಲದೆ ದಿನಕ್ಕೆ ಅರ್ಧ ಗಂಟೆ ನುಡಿಸಲು ಯಾವುದರಿಂದ ಆಗುತ್ತದೋ ಅದನ್ನು ಹಾಕಿಸು, ಮರ ಉಜ್ಜಿಸಬೇಡ, ಬೆಲೆ ಎಷ್ಟಾದರೂ ಇಳಿಯಲಿ. ಅಣ್ಣನ ಮಾತಿಗಾಗಿಯೇ ಒಪ್ಪಿದನೋ, ತಾನೇ ಮೊದಲು ನಿಶ್ಚಯಿಸಿದ್ದನೋ ತಿಳಿಯದು. ಕಿರಿದಾದ ಆದರೆ ಎತ್ತರದ ಪಟ್ಟಿಯನ್ನು ಆರಿಸಿದ, 2.3 ಅಗಲ, 1.4 ಎತ್ತರ.

ದುರಸ್ತಿ ಮಾಡುವಾತ ನಮ್ಮನ್ನು ನೋಡಲು ಬಿಟ್ಟ. ಬೆಸುಗೆ ಕಡ್ಡಿಯಿಂದ ಪಟ್ಟಿಯನ್ನು ಕಾಯಿಸಿ, ಬಾಯಿ ಚಪ್ಪಟೆಯಾಗಿ ಸಾಣೆಹಿಡಿದ ಇಕ್ಕಳದಿಂದ ಒಂದು ತುದಿಯಿಂದ ಮೆಲ್ಲಮೆಲ್ಲನೆ ಎತ್ತುತ್ತ ಹೋದ. ಅವಸರಪಟ್ಟರೆ ಪಟ್ಟಿಯ ಬುಡದ ಮುಳ್ಳುಗಳಿಗೆ ಬೀಟೆಯ ಚಕ್ಕೆ ಅಂಟಿಕೊಂಡು ಬರುತ್ತದೆ. ಕಾದ ಮರದಿಂದ ಒಂದು ವಾಸನೆ ಎದ್ದಿತು. ಮೇಣದ್ದಲ್ಲ, ಅದು ಬೇರೆಯೇ. ಆದರೂ ತಮ್ಮ ನನ್ನ ಕಡೆ ತಿರುಗಿ ನೋಡಿದ, ನಾನೂ ನೋಡಿದೆ. ಹೊಸ ಪಟ್ಟಿಗಳನ್ನು ಕಮಾನಿಗೆ ಬಾಗಿಸಿ ಒತ್ತಿ ಕೂರಿಸಿ, ತುದಿಗಳನ್ನು ಓರೆಯಾಗಿ ಅರೆದು, ನೆತ್ತಿಗಳನ್ನು ದುಂಡಗೆ ಮಾಡಿ, ಸೇತುವೆ ಬದಲಿಸಿ ಮುಗಿಸಲು ಮೂರು ದಿನ ಹಿಡಿಯಿತು. ಈ ಪಟ್ಟಿಯ ಲೋಹ ನಿಕಲ್ ಸಿಲ್ವರ್, ಎಂದರೆ ನಮ್ಮ ಮನೆಗಳಲ್ಲಿ ಜರ್ಮನ್ ಸಿಲ್ವರ್ ಎನ್ನುವ ಅದೇ ತಾಮ್ರ, ನಿಕಲ್, ಸತುವಿನ ಮಿಶ್ರಣ. ಅದರಲ್ಲಿ ಬೆಳ್ಳಿ ಎಳ್ಳಷ್ಟೂ ಇಲ್ಲವೆಂದು ಎಷ್ಟು ತರಗತಿಗಳಲ್ಲಿ ಹೇಳಿದ್ದೆನೋ!

ಮನೆಗೆ ತಂದ ಸಂಜೆ ಅವನು ಮುಕ್ಕಾಲು ಗಂಟೆ ನುಡಿಸಿದ. ಮೊದಮೊದಲು ಹಳೆಯ ಬಲದಲ್ಲಿಯೇ ಒತ್ತುತ್ತಿದ್ದುದರಿಂದ ಸ್ವರಗಳೆಲ್ಲ ತುಸು ಮೇಲಕ್ಕೆ ಹೋಗಿ ಅವನ ಹುಬ್ಬು ಗಂಟಿಕ್ಕಿತು. ಹತ್ತು ನಿಮಿಷದಲ್ಲಿ ಕೈ ಹಗುರವಾಯಿತು. ಹೇಗಿದೆ ಎಂದು ಕೇಳಿದೆ. "ನೋವಿಲ್ಲ. ಮರ ಸಿಗ್ತಾ ಇಲ್ಲ" ಎಂದ. ಎರಡನ್ನೂ ಒಂದೇ ಧ್ವನಿಯಲ್ಲಿ ಹೇಳಿದ.

ಹಳೆಯ ಇಪ್ಪತ್ತೊಂದು ಪಟ್ಟಿಗಳು ಈಗ ನನ್ನ ಮೇಜಿನ ಖಾನೆಯಲ್ಲಿ ಒಂದು ಮಾತ್ರೆಯ ಡಬ್ಬಿಯಲ್ಲಿವೆ. ಹೊರಡುವ ದಿನ ಅವನೇ ಕೊಟ್ಟ, ಜೊತೆಗೆ ಆ ವರ್ನಿಯರನ್ನೂ. ಇಲ್ಲಿಗೆ ಬಂದು ಸಾವಕಾಶವಾಗಿ ಎಲ್ಲವನ್ನೂ ಅಳೆದು ಒಂದು ಕೋಷ್ಟಕ ಬರೆದಿಟ್ಟಿದ್ದೇನೆ. ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದನೆಯವು ಹೊಸದರಂತೆಯೇ ಇವೆ. ಅಷ್ಟು ಮೇಲೆ ಅವನು ಹೋಗುತ್ತಿದ್ದುದೇ ಅಪರೂಪವೆಂದು ತೋರುತ್ತದೆ. ಹೆಚ್ಚು ಸವೆದದ್ದು ಎರಡನೆಯದು. ಕಳೆದ ತಿಂಗಳು ದೂರವಾಣಿಯಲ್ಲಿ ಮಾತನಾಡುವಾಗ, ಹೊಸ ಪಟ್ಟಿಗಳು ಈಗ ಎಷ್ಟು ಸವೆದಿವೆ, ಅಳೆದು ತಿಳಿಸು ಎಂದೆ.

"ವರ್ನಿಯರ್ ನಿನ್ನ ಹತ್ತಿರ ಇದೆಯಲ್ಲ ಅಣ್ಣ. ಬಂದು ಅಳಿ" ಎಂದ.